ಲಿನಕ್ಸ್ ಕರ್ನಲ್‌ನಲ್ಲಿ ರಸ್ಟ್: ಇಷ್ಟೆಲ್ಲಾ ಗಲಾಟೆ ಯಾಕೆ?

ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕೋ ಬೇಡವೋ ಅನ್ನುವ ವಾದವನ್ನು ಮಧ್ಯದಿಂದ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದರು, ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಅದರಲ್ಲೇ ಬೆಳೆಯಿತು, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದೂ ಅದರಲ್ಲೇ. ಸಿ ಮೆಮೊರಿಯನ್ನು ಪೂರ್ತಿ ಪ್ರೋಗ್ರಾಮರ್ ಕೈಗೆ ಬಿಡುತ್ತದೆ. ಬಫರ್ (ಡೇಟಾಗೆ ಮೀಸಲಿಟ್ಟ ಜಾಗ) ದಾಟಿ ಓದಿದರೂ, ಬರೆದರೂ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೂ ತಡೆಯುವುದಿಲ್ಲ. ಇಂಟರ್‌ನೆಟ್‌ನಲ್ಲಿ ತಾನಾಗೇ ಹರಡಿದ 1988ರ ಮಾರಿಸ್ ವರ್ಮ್, ಸರ್ವರ್‌ಗಳ ಗುಟ್ಟು ಸೋರುವಂತೆ ಮಾಡಿದ 2014ರ ಹಾರ್ಟ್‌ಬ್ಲೀಡ್ ದೋಷ, ಎರಡರಲ್ಲೂ ಇದೇ ಜಾತಿಯ ತಪ್ಪು. ಅಷ್ಟು ವರ್ಷವೂ ಸಿಕ್ಕ ಉತ್ತರ ಒಂದೇ: ಹುಷಾರಾಗಿ ಬರೆಯಿರಿ.

2019ರಲ್ಲಿ ಮೈಕ್ರೋಸಾಫ್ಟ್, ತನ್ನ ಸಾಫ್ಟ್‌ವೇರ್‌ನ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸೇರಿದವು ಎಂದಿತು. ಮರುವರ್ಷ ಕ್ರೋಮ್ ತಂಡವೂ, ಗಂಭೀರ ದೋಷಗಳ ಮಟ್ಟಿಗೆ, ಹೆಚ್ಚುಕಡಿಮೆ ಅದೇ ಅಂಕಿ ಕೊಟ್ಟಿತು. ಅಷ್ಟು ಪಳಗಿದವರು ಬರೆದ ಕೋಡ್‌ನಲ್ಲೇ ಹೀಗಾದರೆ, ಬರೀ ಹುಷಾರು ಸಾಲದು ಅಂತಲೇ ಅರ್ಥ, ಅಲ್ವಾ?

ಜಾವಾದಂಥ ಭಾಷೆಗಳಲ್ಲಿ ಬಳಕೆ ಮುಗಿದ ಮೆಮೊರಿಯನ್ನು ತಾನೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಇದೆ, ಆದರೆ ಅದು ಕರ್ನಲ್‌ಗೆ ಹೊಂದುವುದಿಲ್ಲ. ಗ್ರೇಡನ್ ಹೋರ್ 2006ರಲ್ಲಿ ಸ್ವಂತಕ್ಕೆ ಶುರು ಮಾಡಿ, ಮೊಜಿಲ್ಲಾ ಬೆಂಬಲದಲ್ಲಿ ಬೆಳೆದು, 2015ರಲ್ಲಿ 1.0 ಆದ ರಸ್ಟ್ ಬೇರೆ ದಾರಿ ಹಿಡಿಯಿತು. ಪ್ರತಿ ಮೌಲ್ಯಕ್ಕೂ ಒಬ್ಬನೇ ಮಾಲೀಕ. ಬೇರೆಯವರು ಎರವಲು ಪಡೆಯಬಹುದು, ಮಾಲೀಕ ಹೋದಮೇಲೆ ಬಳಸುವಂತಿಲ್ಲ. ಇದನ್ನು ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷಿಸುತ್ತದೆ. ಪರೀಕ್ಷಿಸಲಾಗದ ಕೆಲಸಕ್ಕೆ 'ಅನ್‌ಸೇಫ್' ಎಂದು ಗುರುತು ಹಾಕಬೇಕು.

2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1ಕ್ಕೆ ರಸ್ಟ್ ಪ್ರಯೋಗವಾಗಿ ಸೇರಿತು. ಕಗ್ಗಂಟು ಬಿದ್ದದ್ದು ಆಮೇಲೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಯಾವಾಗ ಬೇಕಾದರೂ ಬದಲಾಗುತ್ತವೆ. ಬದಲಾಯಿಸಿದವರೇ ಅದನ್ನು ಬಳಸುವ ಎಲ್ಲಾ ಕಡೆ ಸರಿಪಡಿಸಬೇಕು ಅನ್ನುವುದು ಹಳೆಯ ರೂಢಿ. ಹಾಗಾದರೆ ಆ ಸಿ ಫಂಕ್ಷನ್ ಮೇಲೆ ನಿಂತ ರಸ್ಟ್ ಕೋಡ್ ಮುರಿದರೆ ಯಾರ ಹೊಣೆ? ಇನ್ನೊಂದು ಕಷ್ಟವೂ ಇದೆ. ಯಾವ ಲಾಕ್ (ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ) ಯಾವಾಗ ಹಿಡಿಯಬೇಕು, ಮೆಮೊರಿ ಯಾರು ಬಿಡಬೇಕು ಎಂಬ ಎಷ್ಟೋ ನಿಯಮಗಳು ಮೇಂಟೇನರ್‌ಗಳ, ಅಂದರೆ ಕರ್ನಲ್‌ನ ಒಂದೊಂದು ಭಾಗ ನೋಡಿಕೊಳ್ಳುವವರ, ತಲೆಯಲ್ಲಿ ಮಾತ್ರ ಇದ್ದವು, ರಸ್ಟ್‌ಗೆ ಅವನ್ನು ಕಂಪೈಲರ್ ಪರೀಕ್ಷಿಸಬಲ್ಲ ಟೈಪ್‌ಗಳಾಗಿ ಬಿಡಿಸಿ ಬರೆಯಬೇಕು. ನನ್ನ ಮಟ್ಟಿಗೆ ಇದೇ ರಸ್ಟ್ ತಂದ ದೊಡ್ಡ ಲಾಭ, ಆದರೆ ದಶಕಗಳಿಂದ ಆ ಕೋಡ್ ಹೊತ್ತವರಿಗೆ ಇದು ಹೆಚ್ಚುವರಿ ಕೆಲಸ ಅನ್ನುವುದೂ ಸುಳ್ಳಲ್ಲ.

2024ರಲ್ಲಿ ಕರ್ನಲ್‌ನ ರಸ್ಟ್ ತಂಡದ ಪ್ರಮುಖರೊಬ್ಬರು ಬೇಸತ್ತು ಹೊರನಡೆದರು. 2025ರ ಆರಂಭದಲ್ಲಿ ಡಿಎಂಎ (ಸಾಧನಗಳು ನೇರವಾಗಿ ಮೆಮೊರಿ ಮುಟ್ಟುವ ವ್ಯವಸ್ಥೆ) ಕೋಡ್ ವಿಚಾರಕ್ಕೆ ಜಗಳ ಜೋರಾಯಿತು: ಎರಡು ಭಾಷೆ ಬೆರೆತರೆ ಕರ್ನಲ್ ನಿಭಾಯಿಸಲಾಗದು ಎಂದು ಒಂದು ಕಡೆ, ನಿಮ್ಮ ಕೋಡನ್ನು ನಾವು ಮುಟ್ಟುತ್ತಲೇ ಇಲ್ಲ ಎಂದು ಇನ್ನೊಂದು ಕಡೆ. ಟೊರ್ವಾಲ್ಡ್ಸ್ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದರು: ರಸ್ಟ್ ಬೇಡದವರು ಅದನ್ನು ನೋಡಬೇಕಿಲ್ಲ, ಆದರೆ ತಮ್ಮ ಕೋಡನ್ನು ರಸ್ಟ್‌ನವರು ಬಳಸದಂತೆ ತಡೆಯಲೂ ಆಗದು. ಡಿಸೆಂಬರ್‌ನಲ್ಲಿ 'ಪ್ರಯೋಗ' ಅನ್ನುವ ಹಣೆಪಟ್ಟಿ ಕಳಚಿತು. ಅದೇ ತಿಂಗಳು ಕರ್ನಲ್‌ನ ರಸ್ಟ್ ಕೋಡ್‌ಗೆ ಮೊದಲ ಸಿವಿಇ (ಅಧಿಕೃತವಾಗಿ ನಂಬರ್ ಕೊಟ್ಟು ದಾಖಲಿಸಿದ ಭದ್ರತಾ ದೋಷ) ಕೂಡ ಬಂತು, 'ಅನ್‌ಸೇಫ್' ಭಾಗದಲ್ಲಿ.

ಆಂಡ್ರಾಯ್ಡ್‌ನಲ್ಲಿ ಭದ್ರತಾ ದೋಷಗಳ ಪೈಕಿ ಮೆಮೊರಿಯದ್ದು 2019ರಲ್ಲಿ 76% ಇತ್ತು, 2024ಕ್ಕೆ 24%. ಹಳೆಯದನ್ನೆಲ್ಲಾ ಅವರು ಮತ್ತೆ ಬರೆಯಲಿಲ್ಲ, ಹೊಸ ಕೋಡನ್ನು ಹೆಚ್ಚೆಚ್ಚು ಸುರಕ್ಷಿತ ಭಾಷೆಗಳಲ್ಲಿ ಬರೆದರು. ಕರ್ನಲ್‌ನಲ್ಲೂ ಕೋಟಿಗಟ್ಟಲೆ ಸಾಲು ಸಿ ಹಾಗೇ ಇರುತ್ತದೆ. ಹೊಸ ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸುವ ಕೋಡ್) ರಸ್ಟ್‌ನಲ್ಲಿ ಬರಲು ಶುರುವಾಗಿವೆ, ಅವನ್ನು ಪರಿಶೀಲಿಸಲು ಎರಡೂ ಭಾಷೆ ಬಲ್ಲ ಮೇಂಟೇನರ್‌ಗಳು ಇನ್ನೂ ಜಾಸ್ತಿ ಬೇಕು.