ಬೆಳ್ಳೂರಿನ ಹುಡುಗ, ಜರ್ಮನಿಯ ಹುಡುಗ: ಯೋಗಕ್ಕೂ ಪಿಲಾಟಿಸ್‌ಗೂ ಏನು ವ್ಯತ್ಯಾಸ?

ಅತ್ತಿಗೆ ಫೋನ್ ಮಾಡಿದ್ದು ಒಂದು ಬ್ಯಾನರಿನ ವಿಷಯಕ್ಕೆ. ಕೋಲಾರದಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲಿ ಒಂದು ಜಿಮ್ ಇದೆ. ಅದರ ಗೇಟಿಗೆ ಹೊಸ ಬ್ಯಾನರ್ ಕಟ್ಟಿದ್ದಾರಂತೆ. "ಅದೇನೋ ಪೈಲಟ್ಸ್ ಅಂತೆ ಕಣಪ್ಪ. ಜಿಮ್ಮಲ್ಲಿ ವಿಮಾನ ಓಡಿಸೋದು ಹೇಳಿಕೊಡ್ತಾರಾ?" ಎಂದು ಕೇಳಿದರು.

ಅದು ಪಿಲಾಟಿಸ್. ಅತ್ತಿಗೆ 20 ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ. ಮಷಿನ್ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಅದಕ್ಕೇ ಎರಡು ವರ್ಷದಿಂದ ಬೆಳಗ್ಗೆ ಪಾರ್ಕಿನ ಯೋಗಕ್ಕೆ ಹೋಗುತ್ತಾರೆ. ಬ್ಯಾನರಿನ ವಿಷಯ ಎತ್ತಿದಾಗ ಯೋಗದ ಮೇಷ್ಟ್ರು, "ನಮ್ಮದೇ ಇರುವಾಗ ಪರದೇಶದ್ದು ಯಾಕಮ್ಮಾ" ಅಂದರಂತೆ. ಜಿಮ್ಮಿನ ಹುಡುಗ, "ಆಂಟಿ, ಯೋಗ ಅಂದ್ರೆ ಸುಮ್ನೆ ಕೂರೋದು. ಇದ್ರಲ್ಲಿ ಹೊಟ್ಟೆ ಗಟ್ಟಿ ಆಗುತ್ತೆ" ಅಂದನಂತೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಅದರಲ್ಲೂ ಕೋಲಾರದಲ್ಲಿ ನಿಂತುಕೊಂಡು ಹೀಗೆ ಹೇಳಬಾರದು.

ಪಿಲಾಟಿಸ್ ಎನ್ನುವುದು ಒಬ್ಬ ಮನುಷ್ಯನ ಮನೆತನದ ಹೆಸರು. ಜೋಸೆಫ್ ಪಿಲಾಟಿಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮ್ಯೊನ್ಷೆನ್‌ಗ್ಲಾಡ್‌ಬಾಕ್‌ನಲ್ಲಿ. (ಈ ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಸುತ್ತು ಪ್ರಾಣಾಯಾಮ ಆಗುತ್ತದೆ.) ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ, ಮೂಳೆ ಬಾಗುವ ರಿಕೆಟ್ಸ್, ಕೀಲುಗಳನ್ನು ಹಿಡಿಯುವ ಜ್ವರ, ಎಲ್ಲವೂ ಇದ್ದವು. ಹುಡುಗ ಹಟಕ್ಕೆ ಬಿದ್ದು ಕಸರತ್ತು ಮಾಡಿ ಮೈ ಬೆಳೆಸಿದ. ದೊಡ್ಡವನಾದ ಮೇಲೆ ಇಂಗ್ಲೆಂಡಿಗೆ ಹೋದ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿಯವನು ಎಂಬ ಒಂದೇ ಕಾರಣಕ್ಕೆ ಇಂಗ್ಲಿಷರು ಅವನನ್ನು ಹಿಡಿದು ಶಿಬಿರಕ್ಕೆ ಹಾಕಿದರು. ಮೊದಲು ಲಂಕಾಸ್ಟರ್ ಕೋಟೆ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರ. ಅಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಬೇಲಿಯೊಳಗಿದ್ದರು. ಮಾಡಲು ಕೆಲಸವಿಲ್ಲ, ಓಡಾಡಲು ಜಾಗವಿಲ್ಲ. ನೆಲದ ಮೇಲೆ ಚಾಪೆಯಷ್ಟು ಜಾಗದಲ್ಲಿ ಮಾಡಬಹುದಾದ ಕಸರತ್ತುಗಳನ್ನು ಅವನು ಅಲ್ಲಿ ರೂಪಿಸಿದ. ಎದ್ದು ಕೂರಲಾರದ ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದಲ್ಲೇ ಕೈಕಾಲು ಆಡಿಸುವ ಹಾಗೆ ಮಾಡಿದ ಎಂಬ ಕಥೆಯೂ ಇದೆ.

1918ರ ಫ್ಲೂ ಬಂದಾಗ ಅವನ ಶಿಷ್ಯರಲ್ಲಿ ಒಬ್ಬರೂ ಸಾಯಲಿಲ್ಲ ಎಂದು ಅಭಿಮಾನಿಗಳು ಈಗಲೂ ಹೇಳುತ್ತಾರೆ. ನಾನು ನಂಬುವುದಿಲ್ಲ. ಹೊಟ್ಟೆಯ ಸ್ನಾಯು ಗಟ್ಟಿಯಾದರೆ ವೈರಸ್ ಹೆದರುತ್ತದೆಯೇ? ಆದರೂ ಆ ಫ್ಲೂ ವಿಷಯವನ್ನು ಎತ್ತಿದ್ದಕ್ಕೆ ಕಾರಣ ಇದೆ.

ಅದೇ ಫ್ಲೂ ನಮ್ಮ ಕಡೆಗೂ ಬಂದಿತ್ತು. ಕೋಲಾರದಿಂದ ಬೆಂಗಳೂರಿನ ಕಡೆ ಹೊರಟರೆ ನರಸಾಪುರದ ಹತ್ತಿರ ಬೆಳ್ಳೂರು ಸಿಗುತ್ತದೆ. ಆ ಊರಿನ ಮೇಷ್ಟ್ರು ಕೃಷ್ಣಮಾಚಾರ್ ಅವರ ಹೆಂಡತಿ ಶೇಷಮ್ಮನವರಿಗೆ ಫ್ಲೂ ಹಿಡಿದಿದ್ದಾಗಲೇ, 1918ರ ಡಿಸೆಂಬರ್ 14ರಂದು ಒಂದು ಗಂಡುಮಗು ಹುಟ್ಟಿತು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಆಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೆ ಒಂದು ಬಂದವು. ಒಂಬತ್ತನೇ ವಯಸ್ಸಿಗೆ ಅಪ್ಪನೂ ಹೋದರು. ಆ ಹುಡುಗನೇ ಮುಂದೆ ಯೋಗಗುರು ಎಂದು ಹೆಸರಾದ ಬಿ.ಕೆ.ಎಸ್. ಅಯ್ಯಂಗಾರ್. ಹೆಸರಿನ ಮೊದಲ 'ಬಿ' ಬೆಳ್ಳೂರಿನದು.

1934ರಲ್ಲಿ ಅವರು ಮೈಸೂರಿಗೆ, ಅಕ್ಕನ ಮನೆಗೆ ಹೋದರು, ಭಾವನಿಂದ ಯೋಗ ಕಲಿತರು. ಭಾವ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅದು ಶುರುವಾಗಿ ಆಗಿನ್ನೂ ಒಂದು ವರ್ಷ. ಅದೇ 1934ರಲ್ಲಿ ಕೃಷ್ಣಮಾಚಾರ್ಯರ 'ಯೋಗ ಮಕರಂದ' ಪುಸ್ತಕ ಅಚ್ಚಾಯಿತು, ಅದೂ ಕನ್ನಡದಲ್ಲಿ. ಇವತ್ತು ಜಗತ್ತಿನ ಎಲ್ಲ ಕಡೆ ಯೋಗ ಕ್ಲಾಸ್ ಎಂದು ನಡೆಯುತ್ತದಲ್ಲ, ನಿಂತು ಮಾಡುವ ಆಸನ, ಉಸಿರಿಗೆ ಜೋಡಿಸಿದ ಚಲನೆ, ಅದರ ದೊಡ್ಡ ಪಾಲು ಹದಗೊಂಡದ್ದು ಈ ಅರಮನೆಯ ಹಜಾರದಲ್ಲಿ.

ಹಾಗಂದರೆ ಯೋಗ ಹೊಸದು ಅಂತಲ್ಲ. ಪತಂಜಲಿಯ ಸೂತ್ರಗಳು ಬಹಳ ಹಳೆಯವು. ಆದರೆ ಅಲ್ಲಿರುವ 195ರಷ್ಟು ಸೂತ್ರಗಳಲ್ಲಿ ಆಸನದ ವಿಷಯಕ್ಕೆ ಸಿಗುವುದು ಮೂರೇ ಮೂರು. ಸ್ಥಿರವಾಗಿ ಸುಖವಾಗಿ ಕೂರುವುದು ಆಸನ, ಅಷ್ಟೇ. ಉಳಿದದ್ದು ಬಹುಪಾಲು ಮನಸ್ಸಿನ ವಿಷಯ. 15ನೇ ಶತಮಾನದ ಹಠಯೋಗ ಪ್ರದೀಪಿಕೆಗೆ ಬಂದರೂ ವಿವರವಾಗಿ ಹೇಳಿರುವುದು 15 ಆಸನ. ಅಯ್ಯಂಗಾರರು 1966ರಲ್ಲಿ ಇಂಗ್ಲಿಷಿನಲ್ಲಿ ತಂದ ಪುಸ್ತಕದಲ್ಲಿ 200 ಆಸನಗಳಿವೆ, 600ರ ಹತ್ತಿರ ಚಿತ್ರಗಳಿವೆ. ನಡುವೆ ಏನೋ ಆಯಿತು ಅಲ್ವಾ? ಗರಡಿ, ಬ್ರಿಟಿಷರ ಡ್ರಿಲ್ಲು, ಯುರೋಪಿನ ಜಿಮ್ನಾಸ್ಟಿಕ್ಸ್ ಎಲ್ಲವೂ ಮೈಸೂರು ಸೀಮೆಯಲ್ಲಿ ಒಂದಕ್ಕೊಂದು ತಾಗಿದ್ದ ಕಾಲ ಅದು. 'ಶಾಂತಲಾ' ಬರೆದ ಕೆ.ವಿ. ಅಯ್ಯರ್ ನೆನಪಿದ್ದಾರಲ್ಲ? ಅವರೂ ಕೋಲಾರ ಸೀಮೆಯವರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಒಂದು ಕಡೆ ಬಾರ್ಬೆಲ್, ಇನ್ನೊಂದು ಕಡೆ ಹಠಯೋಗ, ಎರಡನ್ನೂ ಹೇಳಿಕೊಡುತ್ತಿದ್ದರು. ನಮ್ಮದು, ಪರದೇಶದ್ದು ಎಂಬ ಗೆರೆಯನ್ನು ನಮ್ಮ ಜಿಲ್ಲೆಯವರೇ ಆಗಲೇ ದಾಟಿದ್ದರು.

ಜೋಸೆಫ್ ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿದ್ದ. 1926ರಲ್ಲಿ ನ್ಯೂಯಾರ್ಕಿಗೆ ಹೊರಟಾಗ ಹಡಗಿನಲ್ಲಿ ಕ್ಲಾರಾ ಸಿಕ್ಕಳು. ಇಬ್ಬರೂ ಸೇರಿ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೋ ತೆರೆದರು. ಸುತ್ತಮುತ್ತ ನೃತ್ಯದವರು ಜಾಸ್ತಿ. ಕಾಲು ಉಳುಕಿದವರು, ಬೆನ್ನು ಹಿಡಿದವರು ಬರತೊಡಗಿದರು. ಮಾರ್ಥಾ ಗ್ರಹಾಂ, ಜಾರ್ಜ್ ಬ್ಯಾಲಂಚಿನ್‌ರಂಥ ನೃತ್ಯ ಗುರುಗಳೇ ತಮ್ಮವರನ್ನು ಕಳಿಸಿದರು. ಅಲ್ಲಿ ಅವನು ಬಳಸುತ್ತಿದ್ದ ಸ್ಪ್ರಿಂಗ್ ಯಂತ್ರಕ್ಕೆ ರಿಫಾರ್ಮರ್ ಎಂದು ಹೆಸರು. ಮಂಚದಷ್ಟು ಉದ್ದದ ಚೌಕಟ್ಟು, ಅದರ ಮೇಲೆ ಹಿಂದೆ ಮುಂದೆ ಜಾರುವ ಹಲಗೆ, ತುದಿಯಲ್ಲಿ ಸ್ಪ್ರಿಂಗುಗಳು. ಕಾಲಿನಿಂದ ಒತ್ತಿದರೆ ಹಲಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗ್ ಎಳೆಯುತ್ತದೆ. ಆ ಎಳೆತಕ್ಕೆ ಜಗ್ಗದೆ ನಿಧಾನವಾಗಿ ವಾಪಸ್ ಬರುವುದೇ ಕಷ್ಟದ ಭಾಗ. ತನ್ನ ವಿದ್ಯೆಯನ್ನು ಜೋಸೆಫ್ 'ಕಂಟ್ರಾಲಜಿ' ಎಂದು ಕರೆದ, ಹಿಡಿತದ ವಿದ್ಯೆ ಎಂಬ ಅರ್ಥದಲ್ಲಿ. 1945ರ ಪುಸ್ತಕದಲ್ಲಿ ನೆಲದ ಮೇಲೆ ಮಾಡುವ 34 ಕಸರತ್ತುಗಳನ್ನು ಕೊಟ್ಟ. ಜನರು ಮಾತ್ರ ಅವನ ಹೆಸರಲ್ಲೇ ಕರೆದರು.

ಯಂತ್ರ ಬಳಸಿದರೆ ಪಿಲಾಟಿಸ್, ಬಳಸದಿದ್ದರೆ ಯೋಗ ಎಂದುಕೊಂಡವರಿದ್ದಾರೆ. ಅದೂ ನಿಲ್ಲುವುದಿಲ್ಲ. ಮರದ ಇಟ್ಟಿಗೆ, ಹಗ್ಗ, ಬೆಲ್ಟು, ಕುರ್ಚಿ, ದಿಂಬು ಎಲ್ಲವನ್ನೂ ಯೋಗದೊಳಗೆ ತಂದವರು ನಮ್ಮ ಬೆಳ್ಳೂರಿನವರೇ. ಬಗ್ಗಲಾರದವರೂ ಆಸನ ಮಾಡಬೇಕು ಎಂಬುದು ಅವರ ಹಟ. ಕಾಯಿಲೆ ಬಿದ್ದು ಎದ್ದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ ಅನ್ನಿಸುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮನೆಯಲ್ಲಿ ಜಮಖಾನ ಹಾಸಿ ನಾನೇ ಮಾಡಿ ನೋಡಿದೆ. ಮೊದಲು ನೌಕಾಸನ. ಕೂತು, ಕಾಲೆತ್ತಿ, ಬೆನ್ನು ನೇರ ಮಾಡಿ, ಕೈ ಮುಂದಕ್ಕೆ ಚಾಚಿ ದೋಣಿಯ ಹಾಗೆ ನಿಲ್ಲುವುದು. ಅರ್ಧ ನಿಮಿಷ ಅಲ್ಲಾಡಬಾರದು, ಉಸಿರು ಕಟ್ಟಬಾರದು. ಹತ್ತು ಸೆಕೆಂಡಿಗೆ ತೊಡೆ ನಡುಗಿತು, ಇಪ್ಪತ್ತಕ್ಕೆ ಮನಸ್ಸು ಗಲಾಟೆ ಮಾಡಿತು. ಆಮೇಲೆ ಪಿಲಾಟಿಸ್‌ನ 'ಹಂಡ್ರೆಡ್'. ಅಂಗಾತ ಮಲಗಿ, ತಲೆ ಭುಜ ಎತ್ತಿ, ಕಾಲು ಮೇಲೆ ಚಾಚಿ, ಎರಡೂ ಕೈಗಳನ್ನು ಪಕ್ಕದಲ್ಲಿ ನೀರು ಬಡಿದ ಹಾಗೆ ಮೇಲೆ ಕೆಳಗೆ ಆಡಿಸುವುದು. ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ. ಹತ್ತು ಸುತ್ತಾದರೆ ನೂರು. ಕೆಲಸ ಮಾಡಿದ್ದು ಅದೇ ಹೊಟ್ಟೆ. ಆದರೆ ಮನಸ್ಸಿಗೆ ಗಲಾಟೆ ಮಾಡಲು ಪುರುಸೊತ್ತೇ ಇರಲಿಲ್ಲ. ಅದು ಎಣಿಸುತ್ತಿತ್ತು.

ಯೋಗದಲ್ಲಿ ಆಸನಕ್ಕೆ ಹೋಗಿ ಅಲ್ಲಿ ನಿಲ್ಲುತ್ತೇವೆ. ಪಿಲಾಟಿಸ್‌ನಲ್ಲಿ ಹೋಗಿ ಬರುವುದೇ ಕೆಲಸ. ಹಲಾಸನದಂತೆ ಕಾಣುವ 'ರೋಲ್ ಓವರ್' ಅಲ್ಲೂ ಇದೆ, ಆದರೆ ಅಲ್ಲಿ ಕಾಲು ತಲೆಯ ಹಿಂದೆ ತಂಗುವುದಿಲ್ಲ, ಬೆನ್ನಿನ ಒಂದೊಂದೇ ಮಣಿಯನ್ನು ನೆಲಕ್ಕೆ ಊರುತ್ತಾ ವಾಪಸ್ ಬರಬೇಕು. ಯೋಗದಲ್ಲಿ ಸಾಮಾನ್ಯವಾಗಿ ಉಸಿರು ಮೂಗಿನಲ್ಲೇ. ಪಿಲಾಟಿಸ್‌ನವರು ಹೆಚ್ಚಾಗಿ ಬಾಯಲ್ಲಿ ಬಿಡಿಸುತ್ತಾರೆ, ಬಿಡುವಾಗ ಹೊಕ್ಕುಳನ್ನು ಬೆನ್ನಿನ ಕಡೆ ಎಳೆಯಲು ಹೇಳುತ್ತಾರೆ. ಯೋಗದಲ್ಲಿ ಆಸನದಲ್ಲೇ ನಿಲ್ಲುತ್ತೇವೆ ಎಂಬ ಮಾತಿಗೂ ಅಪವಾದ ಇದೆ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನದ ಕಡೆಯ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಆಸನದಿಂದ ಆಸನಕ್ಕೆ ಹರಿಯುತ್ತಲೇ ಇರುತ್ತಾರೆ. ಗುರಿ ಮಾತ್ರ ಬೇರೆ. ಪಿಲಾಟಿಸ್ ಮೈಯನ್ನು ಸರಿಯಾಗಿ ಆಡಿಸುವುದನ್ನು ಕಲಿಸುತ್ತದೆ. ಯೋಗಕ್ಕೆ ಎಂಟು ಅಂಗ, ಆಸನ ಅದರಲ್ಲಿ ಮೂರನೆಯದು. ಪಾರ್ಕಿನಲ್ಲಿ ನಾವು ಮೂರನೆಯದರಲ್ಲೇ ನಿಂತು ಬಿಟ್ಟಿದ್ದೇವೆ, ಅದು ಬೇರೆ ಮಾತು.

ಹೆಸರಿನ ಜಗಳವನ್ನೂ ಹೇಳಬೇಕು. ಜೋಸೆಫ್ 1967ರಲ್ಲಿ ತೀರಿಕೊಂಡ. ಆಮೇಲೆ ಪಿಲಾಟಿಸ್ ಎಂಬ ಪದ ಟ್ರೇಡ್‌ಮಾರ್ಕ್ ಆಯಿತು, ಬೇರೆಯವರು ಬಳಸಿದರೆ ನೋಟಿಸ್ ಬರುತ್ತಿತ್ತು. 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕೋರ್ಟು, ಇದು ಒಂದು ವ್ಯಾಯಾಮ ಪದ್ಧತಿಯ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲ ಎಂದಿತು. ಆವತ್ತು ಆ ತೀರ್ಪು ಬಂದದ್ದಕ್ಕೇ ಇವತ್ತು ಅಮೆರಿಕದಲ್ಲಿ ಯಾರು ಬೇಕಾದರೂ ಆ ಹೆಸರಿನ ಬ್ಯಾನರ್ ಕಟ್ಟಬಹುದು. ಯೋಗಕ್ಕೂ ಹೀಗೆ ಬೇಲಿ ಹಾಕಲು ಹೋದವರಿದ್ದಾರೆ. ಅಮೆರಿಕದಲ್ಲಿ ಯೋಗ ಕಲಿಸುತ್ತಿದ್ದ ಬಿಕ್ರಂ ಚೌಧುರಿ ತಮ್ಮ 26 ಆಸನಗಳ ಸರಣಿಗೆ ಹಕ್ಕು ಕೇಳಿದ್ದರು. 2015ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಕೊಡಲಿಲ್ಲ. ಯಾರು ಬೇಕಾದರೂ ಬ್ಯಾನರ್ ಕಟ್ಟಬಹುದು ಅಂದಮೇಲೆ, ಹೇಳಿಕೊಡುವವರು ಎಲ್ಲಿ ಕಲಿತರು ಎಂದು ನಾವೇ ಕೇಳಬೇಕಾಗುತ್ತದೆ.

ಸೊಂಟದ ವಿಷಯಕ್ಕೆ ಬಂದರೆ, ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆಗಳು ಎರಡಕ್ಕೂ ಇವೆ. ಪಿಲಾಟಿಸ್‌ದು 2015ರದು, ಯೋಗದ್ದು 2017ರದು, ಅದನ್ನು 2022ರಲ್ಲಿ ಪರಿಷ್ಕರಿಸಿದ್ದಾರೆ. ಹಳೆಯ ಸೊಂಟನೋವಿಗೆ ಏನೂ ಮಾಡದೆ ಇರುವುದಕ್ಕಿಂತ ಎರಡೂ ಸ್ವಲ್ಪ ಮೇಲು. ಬೇರೆ ವ್ಯಾಯಾಮಗಳಿಗಿಂತ ಹೆಚ್ಚು ಎನ್ನಲು ಗಟ್ಟಿ ಆಧಾರವಿಲ್ಲ.

ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಅಂದೆ, ತೋರಿಸಿದರು. ಈಗ ಮಂಗಳವಾರ, ಗುರುವಾರ ಜಿಮ್ಮಿಗೆ, ಉಳಿದ ದಿನ ಪಾರ್ಕಿಗೆ ಹೋಗುತ್ತಿದ್ದಾರೆ. ಎರಡು ದಿನ ಯಾಕೆ ಬರಲ್ಲ ಎಂದು ಯೋಗದ ಮೇಷ್ಟ್ರು ಕೇಳಿದ್ದಕ್ಕೆ, ಅರ್ಜೆಂಟು ಬ್ಲೌಸ್ ಹೊಲಿಯೋದಿದೆ ಅಂದರಂತೆ.