ಅದೇ 50 ಮಿ.ಮೀ. ಮಳೆ, ಹಳ್ಳಕ್ಕೆ ಎಷ್ಟು ನೀರು?

ನಮ್ಮ ಜಗಳೂರು ಕಡೆ ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ಬರೋದು ಅಪರೂಪ. ಅಷ್ಟೇ ಮಳೆ ಹಸ್ತ, ಚಿತ್ತೆಯಲ್ಲಿ ಸುರಿದರೆ ಬೆಳಗಾಗುವಷ್ಟರಲ್ಲಿ ಹಳ್ಳ ದಾಟೋಕೆ ಆಗಲ್ಲ. "ಮೊದಲು ನೆಲ ಕುಡೀಬೇಕು ಕಣಪ್ಪಾ, ಉಳಿದ್ರೆ ಕೆರೆಗೆ" ಅಂತಾರೆ ನಮ್ಮಜ್ಜ. ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಅಂತ ಹೇಳುವ ಕರ್ವ್ ನಂಬರ್ (ಸಿಎನ್) ವಿಧಾನವೂ ಇದನ್ನೇ ಲೆಕ್ಕ ಹಾಕುತ್ತದೆ. 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ್ದು. ಸೂತ್ರ ಎರಡೇ ಸಾಲು, ಎಲ್ಲವೂ ಮಿ.ಮೀ.ನಲ್ಲಿ:

ಎಸ್ = (25400 ÷ ಸಿಎನ್) − 254
ಹರಿವು = (ಮಳೆ − 0.2 ಎಸ್)² ÷ (ಮಳೆ + 0.8 ಎಸ್)

ಎಸ್ ಅಂದರೆ ನೆಲ ಹೆಚ್ಚೆಂದರೆ ಹಿಡಿದಿಡಬಲ್ಲ ನೀರು. ಅದರ ಐದನೇ ಒಂದು ಪಾಲು ಎಲೆ, ಗುಂಡಿ, ಒಣಮಣ್ಣಿಗೇ ಹೋಗುತ್ತದೆ. ಅಷ್ಟು ಬೀಳುವವರೆಗೆ ಹರಿವು ಸೊನ್ನೆ. ಮಣ್ಣು, ಬೆಳೆ, ಬದು ನೋಡಿ ಸಿಎನ್ ಅನ್ನು ಕೋಷ್ಟಕದಿಂದ ತಗೊಳ್ಳಬೇಕು. ನೀರು ಇಂಗದ ನೆಲಕ್ಕೆ ಸಿಎನ್ ಜಾಸ್ತಿ.

ಸಿಎನ್ 80 ಎಂದಿಟ್ಟುಕೊಳ್ಳಿ. ಎಸ್ 63.5 ಆಯಿತು. 50 ಮಿ.ಮೀ. ಮಳೆಗೆ ಹರಿವು 13.8. ಹಾಗಾದರೆ 25ಕ್ಕೆ? ಅದರರ್ಧ ಬರಲ್ಲ, ಬರೀ 2. ವರ್ಷದ ಒಟ್ಟು ಮಳೆಯನ್ನು ಸುಮ್ನೆ ಸೂತ್ರಕ್ಕೆ ಹಾಕಬಾರದು ಅನ್ನೋದು ಇದಕ್ಕೇ. ದಿನದಿನದ ಮಳೆ ಬೇಕು.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಕೋಷ್ಟಕದ 80 ಇರೋದು ಸಾಧಾರಣ ಹಸಿಯಿರುವ ನೆಲಕ್ಕೆ. ಬೆಳೆ ನಿಂತಿರುವ ಕಾಲದಲ್ಲಿ, ಹಿಂದಿನ 5 ದಿನದ ಮಳೆ ಸುಮಾರು 36 ಮಿ.ಮೀ.ಗಿಂತ ಕಡಿಮೆ ಇದ್ದರೆ ಅದು 63ಕ್ಕೆ ಇಳಿಯುತ್ತದೆ. 53 ದಾಟಿದ್ದರೆ 91ಕ್ಕೆ ಏರುತ್ತದೆ. ಈಗ ಅದೇ 50 ಮಿ.ಮೀ. ಮಳೆ ಹಾಕಿ ನೋಡಿ: ಒಣ ನೆಲದಲ್ಲಿ ಹರಿವು 2.4, ನೆನೆದ ನೆಲದಲ್ಲಿ 28.9. ಹನ್ನೆರಡು ಪಟ್ಟು! ಒಂದು ಹೆಕ್ಟೇರಿನಿಂದ 1 ಮಿ.ಮೀ. ಹರಿದರೆ 10,000 ಲೀಟರ್, ಅಂದರೆ 5,000 ಲೀಟರಿನ ಎರಡು ಟ್ಯಾಂಕರ್. ನಾನು ಒಣ ನೆಲ, ಸಾಧಾರಣ ಹಸಿ ನೆಲ, ನೆನೆದ ನೆಲ ಅಂತ ನೋಡದೆ ಮೂರೂ ಕಡೆಯ ಮಳೆಗೆ 80 ಹಾಕಿ ಕೃಷಿ ಹೊಂಡ ತುಂಬಿಸಿಬಿಟ್ಟಿದ್ದೆ, ಕಾಗದದ ಮೇಲೆ.

ಎರೆ ಹೊಲದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಬಿರುಕಿಗೆ ಕೈ ಹಾಕಿದರೆ ಮಣಿಕಟ್ಟಿನವರೆಗೆ ಇಳಿಯುತ್ತದೆ. ಮೊದಲ ಮಳೆ ಸೀದಾ ಅದರೊಳಕ್ಕೆ. ಮಣ್ಣು ಉಬ್ಬಿ ಬಿರುಕು ಮುಚ್ಚಿತೋ, ಮೇಲೆ ಬಿದ್ದ ನೀರು ಸಾಲು ಹಿಡಿದು ಹೊರಡುತ್ತದೆ. ಅದಕ್ಕೇ ನಮ್ಮ ದೇಶದ ಲೆಕ್ಕಗಳಲ್ಲಿ ಹಸಿಯಾದ ಎರೆ ಮಣ್ಣಿಗೆ 0.2ರ ಬದಲು 0.1, ಉಳಿದ ಕಡೆ 0.3 ಬಳಸುತ್ತಾರೆ. ಆಗ ಕೆಳಗಿನ 0.8 ಕೂಡ 0.9 ಅಥವಾ 0.7 ಆಗಬೇಕು. ಇದನ್ನು ಮರೆಯೋರೇ ಜಾಸ್ತಿ.

ಈ ಸೂತ್ರದಲ್ಲಿ ಹೊತ್ತಿನ ಲೆಕ್ಕವೇ ಇಲ್ಲ, ಗಮನಿಸಿದಿರಾ? ಒಂದು ಗಂಟೆ ಬಡಿದ ಮಳೆಗೂ ದಿನವಿಡೀ ಜಿನುಗಿದ ಮಳೆಗೂ ಒಂದೇ ಉತ್ತರ. ಹೊಂಡದ ಗಾತ್ರಕ್ಕೆ ಇದು ಸಾಕು, ಕೋಡಿಯ ಅಗಲಕ್ಕೆ ಸಾಲದು, ಅದಕ್ಕೆ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ನೀರು ನುಗ್ಗುತ್ತದೆ ಅನ್ನೋದು ಗೊತ್ತಿರಬೇಕು. ಅಲ್ಲಿ ರ‍್ಯಾಷನಲ್ ಸೂತ್ರ ಬೇಕು: ಹರಿವಿನ ಗುಣಾಂಕ (ಮಳೆಯಲ್ಲಿ ಹರಿದುಹೋಗುವ ಪಾಲು) × ಮಳೆಯ ತೀವ್ರತೆ × ಹೆಕ್ಟೇರ್ ÷ 360. ಗುಣಾಂಕ 0.4, ಗಂಟೆಗೆ 60 ಮಿ.ಮೀ., 30 ಹೆಕ್ಟೇರ್ ಅಂದರೆ ಸೆಕೆಂಡಿಗೆ 2 ಘನ ಮೀಟರ್. ತೀವ್ರತೆ ಅಂದರೆ ದಿನದ ಮಳೆಯನ್ನು 24ರಿಂದ ಭಾಗಿಸಿದ್ದಲ್ಲ. ದೂರದ ಮೂಲೆಯ ನೀರು ಕೋಡಿ ಮುಟ್ಟಲು ಎಷ್ಟು ನಿಮಿಷ ಬೇಕೋ, ಅಷ್ಟು ನಿಮಿಷದ ಮಳೆಯ ತೀವ್ರತೆ.