ಹಗೇವಿಗೆ ಇಳಿದ ಹುಡುಗ ಯಾಕೆ ಬಿದ್ದ? ಗೊತ್ತಿಲ್ಲದ ಪದದ ಅರ್ಥ ಹಿಡಿಯುವ ಬಗ್ಗೆ

ಪರೀಕ್ಷೆಯಲ್ಲಿ ಅಪಠಿತ ಗದ್ಯ ಕಂಡರೆ ಗಾಬರಿಯಾಗುವವರಿಗೆ ಈ ಟಿಪ್ಪಣಿ. ಬೇರೆ ಸೀಮೆಯ ಕನ್ನಡದ ಕಥೆ ಹಿಡಿದು ಮೂರನೇ ಪುಟಕ್ಕೇ ಮುಚ್ಚಿಡುವವರಿಗೂ ಹೌದು. ನಾನು ಮೈಸೂರು ಕಡೆಯವನು, ಎರಡನ್ನೂ ಮಾಡಿದ್ದೇನೆ.

ಮೊದಲು ಈ ಸಾಲು ಓದಿ. ಅಭ್ಯಾಸಕ್ಕೆಂದು ನಾನೇ ಬರೆದದ್ದು.

"ಜೋಳದ ರಾಶಿ ಮುಗಿಯಿತು. ಬೀಜಕ್ಕೆ ಬೇಕಾದಷ್ಟು ತೆಗೆದಿಟ್ಟು ಉಳಿದದ್ದನ್ನು ಹಗೇವಿಗೆ ಸುರಿದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಆರು ತಿಂಗಳ ಮೇಲೆ ತೆರೆದಾಗ, ಗಾಳಿಯಾಡುವವರೆಗೂ ಕಾಯದೆ ಇಳಿದ ಹುಡುಗ ಉಸಿರುಗಟ್ಟಿ ಬಿದ್ದ."

ಕಣ್ಣು ಸೀದಾ 'ಹಗೇವಿಗೆ' ಮೇಲೆ ನಿಲ್ಲುತ್ತದೆ ಅಲ್ವಾ? ಗೊತ್ತಿಲ್ಲದ ಪದ ಅದೊಂದೇ ಅನ್ನಿಸುತ್ತದೆ. ಅದನ್ನು ಒಡೆಯುವುದು ಸುಲಭ. ಹಾವಿಗೆ ಅಂದರೆ ಹಾವು, ಮಾವಿಗೆ ಅಂದರೆ ಮಾವು. ಹಾಗಾದರೆ ಇದು ಹಗೇವು. ನಿಘಂಟಿನಲ್ಲಿ 'ಹಗೇವಿಗೆ' ಅಂತ ಹುಡುಕಿ ಸಿಗಲಿಲ್ಲ ಎನ್ನುವವರು ಜಾಸ್ತಿ. ವಿಭಕ್ತಿ ಕಳಚಿ ಹುಡುಕಬೇಕು. ಆ 'ಗೆ' ಇನ್ನೊಂದು ಕೆಲಸವನ್ನೂ ಮಾಡುತ್ತಿದೆ. ಜೋಳ ಹೋಗಿ ಬೀಳುವ ಜಾಗ ಇದು ಎಂದು ಹೇಳುತ್ತಿದೆ.

ಇನ್ನು ಊಹೆ. ನನ್ನ ಮೊದಲ ಊಹೆ ಚೀಲ. ಸುರಿಯಬಹುದು, ಬಾಯಿಯೂ ಇದೆ. ಆದರೆ ಚೀಲದ ಬಾಯಿಗೆ ಯಾರಾದರೂ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರಾ? ಬಿತ್ತು. ಎರಡನೆಯದು ಗುಡಾಣ. ಮಣ್ಣು ಮೆತ್ತುವವರೆಗೂ ಸರಿಹೋಗುತ್ತದೆ. 'ಇಳಿದ' ಎನ್ನುವಲ್ಲಿ ಅದೂ ಬಿತ್ತು. ಹುಡುಗ ಇಳಿಯಬೇಕಾದರೆ ಆಳ ಇರಬೇಕು, ಆಳು ಹಿಡಿಸುವಷ್ಟು ಅಗಲ ಇರಬೇಕು, ಮುಚ್ಚಿಟ್ಟರೆ ಒಳಗೆ ಗಾಳಿ ಕೆಡಬೇಕು. ನೆಲದೊಳಗೆ ತೋಡಿದ ಕಾಳಿನ ಗುಂಡಿ! ಹಗೇವು ಅಂದರೆ ಅದೇ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಜೋಳ ಕೂಡಿಡುತ್ತಿದ್ದದ್ದು ಇಂಥ ಗುಂಡಿಗಳಲ್ಲಿ. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದಕ್ಕೇ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು.

ನೋಡಿ, ಪದ ಇದ್ದ ವಾಕ್ಯದಲ್ಲಿ ಅರ್ಥ ಪೂರ್ತಿ ಸಿಗಲಿಲ್ಲ. ಎರಡು ವಾಕ್ಯ ಮುಂದೆ ಹೋದಮೇಲೆ ಸಿಕ್ಕಿತು. ನಾವು ಸಾಮಾನ್ಯವಾಗಿ ಪದ ಸಿಕ್ಕಿದಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತೇವೆ. ಅದರ ಬದಲು ಸುಮ್ನೆ ಒಂದು ಊಹೆಯನ್ನು ಪದದ ಜಾಗದಲ್ಲಿ ಕೂರಿಸಿ ಮುಂದೆ ಓದಬೇಕು. ಅದು ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ಬದಲಿಸಬೇಕು. ಪದದ ಚಹರೆ ನೋಡಿ ಶುರುಮಾಡಿದ್ದರೆ? 'ಹಗೆ' ಅಂದರೆ ವೈರ. ಹುಡುಗ ಬೇರೆ ಬಿದ್ದಿದ್ದಾನೆ. ಕಥೆ ಎಲ್ಲಿಗೋ ಹೋಗುತ್ತಿತ್ತು.

ಈಗ ಮತ್ತೆ ಮೊದಲ ವಾಕ್ಯಕ್ಕೆ ಬನ್ನಿ. "ರಾಶಿ ಮುಗಿಯಿತು." ಇಲ್ಲಿ ಯಾರೂ ನಿಲ್ಲುವುದಿಲ್ಲ, ರಾಶಿ ಅಂದರೆ ಗುಡ್ಡೆ ಎಂದು ನಮಗೆಲ್ಲ ಗೊತ್ತು. ಗುಡ್ಡೆ ಕರಗಬಹುದು, ಖಾಲಿಯಾಗಬಹುದು. ಆದರೆ ಈಗಿನ್ನೂ ಜೋಳ ಅಷ್ಟೊಂದು ಉಳಿದಿದೆಯಲ್ಲ! ಮುಗಿದದ್ದು ಕೆಲಸ. ಆ ಕಡೆ ರಾಶಿ ಮಾಡುವುದು ಎಂದರೆ ತೆನೆ ಬಡಿದು, ತೂರಿ, ಕಾಳು ಬೇರೆ ಮಾಡುವುದು. ನನ್ನನ್ನು ಜಾಸ್ತಿ ಬೀಳಿಸಿದ್ದು ಹಗೇವು ಥರದ ಪದಗಳಲ್ಲ, ರಾಶಿ ಥರದವು. ಮಲೆನಾಡಿನ ಬರಹದಲ್ಲಿ 'ಹಾಳೆ' ಬಂದರೆ ಅದು ನೋಟ್‌ಬುಕ್ಕಿನದೋ ಅಡಿಕೆ ಮರದ್ದೋ ನೋಡಿಕೊಳ್ಳಬೇಕು. ಪರಿಚಯದ ಪದದ ಪಕ್ಕದ ಕ್ರಿಯಾಪದ ವಿಚಿತ್ರ ಅನ್ನಿಸಿತೋ, ಅಲ್ಲಿ ನಿಲ್ಲಿ.

ಎಲ್ಲ ಸಂದರ್ಭವೂ ಸಹಾಯ ಮಾಡುವುದಿಲ್ಲ. ಓದುವ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಇಸಬೆಲ್ ಬೆಕ್ ಮತ್ತು ಜೊತೆಗಾರರು 1983ರಲ್ಲೇ ಇದನ್ನು ಬರೆದಿದ್ದಾರೆ. ಕೆಲವು ಸಂದರ್ಭ ಅರ್ಥಕ್ಕೆ ಕೈಹಿಡಿದು ಕರೆದೊಯ್ಯುತ್ತವೆ, ಕೆಲವು ದಿಕ್ಕು ಮಾತ್ರ ತೋರಿಸುತ್ತವೆ, ಕೆಲವು ಏನೂ ಹೇಳುವುದಿಲ್ಲ, ಇನ್ನು ಕೆಲವು ದಾರಿಯನ್ನೇ ತಪ್ಪಿಸುತ್ತವೆ. ಹಳಗನ್ನಡದಲ್ಲಿ ನಾನು ಹಾಗೆ ದಾರಿ ತಪ್ಪಿದ್ದು 'ಪರದರ್' ಎಂಬ ಪದದಲ್ಲಿ. ಸರಕು ಹೇರಿಕೊಂಡು ಬೇರೆ ದೇಶಕ್ಕೆ ಹೊರಟವರು ಅವರು. ಪರದೇಶ, ಪರಕೀಯ ಎಲ್ಲ ತಲೆಯಲ್ಲಿತ್ತು, ಪರದೇಶಿಗಳು ಎಂದು ಬರೆದುಕೊಂಡೆ. ಓದುತ್ತಾ ಹೋದರೂ ಎಲ್ಲೂ ಮುಗ್ಗರಿಸಲಿಲ್ಲ, ಅದೇ ತೊಂದರೆ. ಪರದ ಅಂದರೆ ವ್ಯಾಪಾರಿ.

ಹಳಗನ್ನಡದ ಇನ್ನೊಂದು ಕಷ್ಟ ಏನೆಂದರೆ ಅಕ್ಕಪಕ್ಕದ ಪದಗಳೂ ಗೊತ್ತಿರುವುದಿಲ್ಲ. ಊಹೆ ನಿಲ್ಲಲು ನೆಲ ಬೇಕಲ್ಲ? ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ರಲ್ಲಿ ಇಂಗ್ಲಿಷ್ ಕಲಿಯುವವರ ಬಗ್ಗೆ ಹೇಳಿದ ಲೆಕ್ಕ, ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ನೂರರಲ್ಲಿ 98 ಪದ ಗೊತ್ತಿರಬೇಕು. ಕನ್ನಡಕ್ಕೆ ಇದೇ ಅಂಕಿ ಕೂರುತ್ತದೆ ಎನ್ನುತ್ತಿಲ್ಲ. ಆದರೆ ಸಾಲಿಗೆ ನಾಲ್ಕು ಪದ ತೊಡಕಾದರೆ ಸಂದರ್ಭವನ್ನು ನಂಬಿ ಕೂರಬೇಡಿ. ಅಲ್ಲಿ ಮೊದಲು ಬೇಕಾದ್ದು ಧ್ವನಿ ಬದಲಾದ ನಿಯಮ. ಪದದ ಮೊದಲಿನ ಪ ಈಗ ಹ ಆಗಿದೆ: ಪುಲಿ ಹುಲಿ, ಪೆಸರ್ ಹೆಸರು. ರ್ಬ, ರ್ಚ ಥರದ ಒತ್ತು ಬ್ಬ, ಚ್ಚ ಆಗಿದೆ: ಕರ್ಬು ಕಬ್ಬು. (ಸಂಸ್ಕೃತದ ಪಾದ, ಪುಣ್ಯ ಹಾಗೇ ಉಳಿದಿವೆ, ಅವನ್ನು ಹ ಮಾಡಲು ಹೋಗಬೇಡಿ.)

"ಪಾವು ಕರ್ಚಿದೊಡೆ ನಂಜೇರುಗುಂ" ಎಂಬ ಸಾಲನ್ನು ಗೆಳೆಯನೊಬ್ಬ ಓದಿ, "ಪಾವು ಖರ್ಚಾದರೆ" ಅಂದ. ಪಾವು ಅಂದರೆ ಅವನಿಗೆ ಅಕ್ಕಿ ಅಳೆಯುವ ಪಾವು! ನಗಬೇಡಿ, ನಿಯಮ ಗೊತ್ತಿಲ್ಲದಿದ್ದರೆ ಅದು ತೀರಾ ದಡ್ಡ ಊಹೆಯೇನಲ್ಲ. ಅವನು ಬಿಟ್ಟದ್ದು 'ನಂಜು'. ಅದು ಈಗಲೂ ನಮ್ಮ ಮಾತಿನಲ್ಲಿರುವ ಪದ. ಅಲ್ಲಿಂದ ಹಿಂದಕ್ಕೆ ಬಂದಿದ್ದರೆ ಪಾವು ಹಾವಾಗುತ್ತಿತ್ತು, ಕರ್ಚು ಕಚ್ಚು ಆಗುತ್ತಿತ್ತು.

ನಿಘಂಟು ನೋಡುವುದು ತಪ್ಪು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಊಹೆಯನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದು, ಅಧ್ಯಾಯ ಮುಗಿಸಿ, ಆಮೇಲೆ ನೋಡಿ. ಹಳೆಯ ಪದಕ್ಕೆ 1894ರ ಕಿಟೆಲ್ ನಿಘಂಟು ಈಗಲೂ ಕೈಕೊಡುವುದು ಕಡಿಮೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪ್ರಯೋಗಗಳೂ ಇವೆ, ಅಂದರೆ ಸಂದರ್ಭ ಇನ್ನೊಮ್ಮೆ ಸಿಗುತ್ತದೆ.

ಅಭ್ಯಾಸಕ್ಕೆ ಒಂದು ಸಾಲು: "ಸುರಿಯುವ ಮಳೆಯಲ್ಲಿ ಗೊರಬು ಹಾಕಿಕೊಂಡು ನಾಟಿ ಮಾಡುತ್ತಿದ್ದ ಹೆಂಗಸರು, ಹಳ್ಳ ಏರುತ್ತಿರುವುದು ಕಂಡು, ಸಂಕ ಮುಳುಗುವ ಮೊದಲೇ ಆಚೆ ದಡ ಸೇರಬೇಕೆಂದು ಓಡಿದರು." ಎರಡು ಪದಕ್ಕೂ ಎರಡೆರಡು ಊಹೆ ಬರೆಯಿರಿ. ಮಲೆನಾಡು, ಕರಾವಳಿಯವರು ದಯವಿಟ್ಟು ಸ್ವಲ್ಪ ಹೊತ್ತು ಬಾಯಿ ಬಿಡಬೇಡಿ.